ಉಪ್ಪು ತಿಂದ ಹುಲ್ಲು ನೀರು ಕುಡಿಯುವುದು ಹೇಗೆ?

‘ಉಪ್ಪು ತಿಂದವರು ನೀರು ಕುಡಿಯಲೇಬೇಕು’ ಎಂಬ ಗಾದೆ ಗಿಡಗಳಿಗೆ ಹೊಂದುವುದಿಲ್ಲ. ಉಪ್ಪು ಹೆಚ್ಚಿದ ಮಣ್ಣಿನಲ್ಲಿ ನಿಂತ ಗಿಡಕ್ಕೆ ಬೇರಿನ ಸುತ್ತ ನೀರಿದ್ದರೂ ಕುಡಿಯಲು ಆಗುವುದಿಲ್ಲ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಿಡಿಯೊಳಗಿನ ನೀರೆಲ್ಲ ಹೊರಬಂದು ಅದು ಸುಕ್ಕುಗಟ್ಟುವುದನ್ನು ಮಲೆನಾಡಿನವರೆಲ್ಲ ನೋಡಿರುತ್ತೇವೆ. ಸವಳು ನೆಲದಲ್ಲಿ ಬೇರಿಗೆ ಎದುರಾಗುವ ಕಷ್ಟವೂ ಅದೇ. ಅದು ಸಾಲದೆಂಬಂತೆ ಒಳಗೆ ನುಗ್ಗಿದ ಸೋಡಿಯಂ, ಜೀವಕೋಶಕ್ಕೆ ಅತ್ಯಗತ್ಯವಾದ ಪೊಟ್ಯಾಸಿಯಂನ ಜಾಗದಲ್ಲಿ ಕುಳಿತು ಎಲ್ಲ ಕೆಲಸ ಕೆಡಿಸುತ್ತದೆ. ಹಾಗಿದ್ದೂ ಕೆಲವು ಹುಲ್ಲುಗಳು ಅಲ್ಲೇ ಹುಟ್ಟಿ, ಅಲ್ಲೇ ಹಬ್ಬಿ, ಕಾಳನ್ನೂ ಕಟ್ಟುತ್ತವೆ.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ ಓದುವಾಗ ಇದು ನಮಗೆ ಐದು ಅಂಕದ ಪ್ರಶ್ನೆಯಾಗಿತ್ತು. ರಿಪ್ಪನ್‌ಪೇಟೆಯವಳಿಗೆ ಉಪ್ಪು ಮಣ್ಣು ದೂರದ ಮಾತು. ನಮ್ಮದು ಹುಳಿ ಮಣ್ಣು; ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಒಯ್ಯುವುದರಿಂದ ಅಪ್ಪಯ್ಯ ಅಡಿಕೆ ತೋಟಕ್ಕೆ ಆಗಾಗ ಸುಣ್ಣ ಹಾಕಿಸುತ್ತಾರೆ. ಆದರೆ ನಕ್ಷೆ ಬಿಡಿಸಿ ನೋಡಿದರೆ ದೂರದ ಮಾತು ಹತ್ತಿರಕ್ಕೆ ಬರುತ್ತದೆ. ಹುಂಚದ ಬಳಿ ಹುಟ್ಟುವ ಕುಮುದ್ವತಿ ಶಿಕಾರಿಪುರದ ಕಡೆ ಹರಿದು, ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಆ ನೀರು ಹೊಸಪೇಟೆಯ ಅಣೆಕಟ್ಟಿನಿಂದ ಕಾಲುವೆ ಹಿಡಿದು ಗಂಗಾವತಿ, ಸಿಂಧನೂರುಗಳ ಭತ್ತದ ಗದ್ದೆಗೆ ಹೋಗುತ್ತದೆ. ನಮ್ಮ ಕಡೆಯ ಮಳೆಯ ಒಂದು ಪಾಲು ಅಲ್ಲಿನ ಸವಳಿಗೂ ಕಾರಣ ಎಂದರೆ ಅತಿಶಯೋಕ್ತಿಯಲ್ಲ.

ಕಾಲುವೆ ನೀರು ಸಿಹಿಯೇ. ಆದರೆ ಪ್ರತಿ ಲೀಟರಿನಲ್ಲೂ ಚಿಟಿಕೆಗಿಂತ ಕಡಿಮೆ ಲವಣ ಕರಗಿರುತ್ತದೆ, ಮಣ್ಣಿನೊಳಗೂ ಒಂದಿಷ್ಟು ಮೊದಲೇ ಇರುತ್ತದೆ. ನೀರು ಅತಿಯಾಗಿ ನಿಂತು, ಬಸಿದು ಹೋಗಲು ದಾರಿ ಸಿಗದಿದ್ದರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಲವಣ ನೆಲದ ಮೇಲೆ ಉಳಿಯುತ್ತದೆ. ಆ ಕಡೆಯ ರೈತರು ಇದನ್ನೇ ‘ಸವಳು-ಜವಳು’ ಎನ್ನುತ್ತಾರೆ. ಎರಡು ತೊಂದರೆಗೆ ಒಟ್ಟಿಗೆ ಹೆಸರಿಟ್ಟ ಈ ಜೋಡಿಪದ ನಮ್ಮ ಪಠ್ಯದ ವ್ಯಾಖ್ಯಾನಕ್ಕಿಂತ ನನಗೆ ಇಷ್ಟ. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇಂಥ ಭೂಮಿಯ ಮೇಲೇ ಕೆಲಸ ಮಾಡುತ್ತಿದೆ.

ಪರೀಕ್ಷೆಗೆ ಓದುವವರು ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು. ಪಿಎಚ್ 8.5 ದಾಟಿ, ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿ ಕುಳಿತಿದ್ದರೆ ಅದು ಕ್ಷಾರ. ಕ್ಷಾರ ಮಣ್ಣು ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಬೇರಿಗೆ ಗಾಳಿಯೂ ಇಲ್ಲ, ನೀರೂ ಇಳಿಯುವುದಿಲ್ಲ. ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಸೌಳು ಮಣ್ಣು ಈ ಜಾತಿಯದು.

ಇನ್ನು ಹುಲ್ಲಿನ ವಿಷಯ. ಚೌತಿಯ ದಿನ ಗಣಪತಿಗೆ ಏರಿಸುವ ಗರಿಕೆಯನ್ನೇ ತೆಗೆದುಕೊಳ್ಳಿ. ಮಾಮೂಲಿ ಭತ್ತದ ಇಳುವರಿ 3 ಡೆಸಿಸೀಮನ್ಸ್ ದಾಟಿದೊಡನೆ ಇಳಿಯತೊಡಗಿದರೆ, ಗರಿಕೆ ಸುಮಾರು 6.9ರವರೆಗೂ ಅಳುಕುವುದಿಲ್ಲ. ಅದರ ಎಲೆಯ ಮೇಲೆ ಎರಡೇ ಕೋಶಗಳ ಪುಟ್ಟ ಗ್ರಂಥಿಗಳಿವೆ. ಬುಡದ ಕೋಶ ಎಲೆಯೊಳಗಿನ ಸೋಡಿಯಂ ಎಳೆದುಕೊಳ್ಳುತ್ತದೆ, ತುದಿಯ ಕೋಶ ಅದನ್ನು ಹೊರಕ್ಕೆ ದೂಡುತ್ತದೆ. ಎಲೆಯ ಮೇಲೆ ಕೂತ ಉಪ್ಪನ್ನು ಇಬ್ಬನಿಯೋ ಮಳೆಯೋ ತೊಳೆಯುತ್ತದೆ. ಗೋಧಿ, ಬಾರ್ಲಿಗಳಿಗೆ ಈ ಗ್ರಂಥಿಯೇ ಇಲ್ಲ.

ಗ್ರಂಥಿ ಇಲ್ಲದವು ಬೇರೆ ದಾರಿ ಹಿಡಿಯುತ್ತವೆ. ಬೇರಿನಲ್ಲೇ ಸೋಡಿಯಂ ತಡೆಯುವುದು, ನುಸುಳಿದ್ದನ್ನು ಮಣ್ಣಿಗೆ ವಾಪಸ್ ಪಂಪ್ ಮಾಡುವುದು, ಅದನ್ನೂ ಮೀರಿ ಮೇಲೇರಿದ್ದನ್ನು ಕೋಶದ ನಡುವಿನ ರಸದಾನಿಯಲ್ಲಿ ಕೂಡಿಹಾಕುವುದು. ರಸದಾನಿಯೊಳಗೆ ಉಪ್ಪು ತುಂಬಿದಾಗ ಹೊರಗಿನ ಕೋಶದ್ರವ ಒಣಗದಿರಲು ಪ್ರೋಲಿನ್‌ನಂಥ ನಿರಪಾಯಕಾರಿ ವಸ್ತುಗಳನ್ನು ತಯಾರಿಸಿ ಸಮತೋಲನ ಕಾಯ್ದುಕೊಳ್ಳುತ್ತವೆ. ಕೊನೆಯ ಉಪಾಯವೆಂದರೆ ಹಳೆಯ ಎಲೆಗಳಿಗೆ ಉಪ್ಪು ತುಂಬಿಸಿ ಉದುರಿಸಿಬಿಡುವುದು. ಮನೆಯ ಹಿರಿಯರ ತಲೆಗೆ ಸಾಲ ಕಟ್ಟಿ ಮಕ್ಕಳನ್ನು ಉಳಿಸಿದ ಹಾಗೆ!

ಪುಸ್ತಕಗಳು ಅವಸರದಲ್ಲಿ ದಾಟಿಬಿಡುವ ಮಾತೊಂದಿದೆ: ಇದೆಲ್ಲಕ್ಕೂ ಶಕ್ತಿ ಖರ್ಚಾಗುತ್ತದೆ. ಪಂಪ್ ಓಡಿಸಲು, ಪ್ರೋಲಿನ್ ತಯಾರಿಸಲು ಹೋದ ಶಕ್ತಿ ಕಾಳಿಗೆ ಸಿಗುವುದಿಲ್ಲ. ಉಪ್ಪು ತಾಳುವ ತಳಿಗಳು ಕಡಿಮೆ ಇಳುವರಿ ಕೊಡುತ್ತವೆ ಎಂದು ಮೂಗು ಮುರಿಯುವವರು ಈ ಲೆಕ್ಕ ನೋಡಬೇಕು.

ಖರ್ಚು ಮಾಡಿ ಮಣ್ಣನ್ನೂ ಸರಿಮಾಡುವ ಹುಲ್ಲೊಂದಿದೆ. 1969ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ. ಅದೇ ಊರಿನ ಹೆಸರು ಹೊತ್ತ ‘ಕರ್ನಾಲ್ ಹುಲ್ಲು’ ಪಿಎಚ್ 10ರ ಆಸುಪಾಸಿನ ಕ್ಷಾರ ಭೂಮಿಯಲ್ಲೂ, ನೀರು ನಿಂತಲ್ಲೂ ಬೆಳೆಯುತ್ತದೆ. ಬೇರುಗಳ ಉಸಿರಾಟದಿಂದ ಬಂದ ಇಂಗಾಲದ ಡೈಆಕ್ಸೈಡ್ ನೀರಿನೊಂದಿಗೆ ಸೇರಿ ಆಮ್ಲವಾಗಿ, ಮಣ್ಣಿನಲ್ಲಿ ಕರಗದೆ ಬಿದ್ದಿದ್ದ ಸುಣ್ಣವನ್ನು ಕರಗಿಸುತ್ತದೆ. ಆಗ ಬಿಡುಗಡೆಯಾದ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಕದಲಿಸುತ್ತದೆ. ಜಿಪ್ಸಂ ಹಾಕಿದಾಗ ಆಗುವ ಕೆಲಸವೇ ಇದು. ಹುಲ್ಲಿಗೆ ವರ್ಷಗಳು ಬೇಕು ಎಂಬುದಷ್ಟೇ ವ್ಯತ್ಯಾಸ. ಕೊಯ್ದದ್ದು ದನಕ್ಕೆ ಮೇವಾಗುತ್ತದೆ.

ಭತ್ತವೂ ಹುಲ್ಲಿನ ಕುಟುಂಬದ್ದೇ ಎಂಬುದು ಪುಸ್ತಕದಿಂದಾಚೆ ನನಗೆ ಅರ್ಥವಾದದ್ದು ಕುಮಟಾದಲ್ಲಿ. ಸಾಗರದಿಂದ ಜೋಗದ ಮೇಲೆ ಹೊನ್ನಾವರಕ್ಕೆ ಇಳಿದು, ಅಲ್ಲಿಂದ ಬಸ್ ಬದಲಿಸಿ ಗೆಳತಿಯ ಮನೆಗೆ ಹೋಗಿದ್ದೆ. ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಉಬ್ಬರದ ನೀರು ನುಗ್ಗುವ ‘ಗಜನಿ’ ಭೂಮಿಗಳಿವೆ. ಅಲ್ಲಿ ಬೆಳೆಯುವುದು ‘ಕಗ್ಗ’ ಭತ್ತ. ಆಳೆತ್ತರದ ಪೈರು, ಹಕ್ಕಿಗಳನ್ನು ದೂರವಿಡುವ ಉದ್ದ ಮೀಸೆಯ ತೆನೆ, ಕೆಂಪಕ್ಕಿ. ಕೆಲವು ದಿನ ನೀರಿನಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಗೊಬ್ಬರವೂ ಇಲ್ಲ, ಔಷಧವೂ ಇಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗೆ ಆಹಾರವಾಗುತ್ತದೆ.

ಆದರೆ ಕಗ್ಗ ಕೂಡ ಯಾವಾಗಲೂ ಗಟ್ಟಿಗನಲ್ಲ. ಭತ್ತ ಉಪ್ಪಿಗೆ ಹೆಚ್ಚು ಸೋಲುವುದು ಎರಡು ಹೊತ್ತಿನಲ್ಲಿ, ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಆದ್ದರಿಂದ ಗೆಳತಿಯ ಅಜ್ಜ ಮಳೆ ಶುರುವಾದ ಕೂಡಲೇ ಬಿತ್ತುವುದಿಲ್ಲ. ಗಜನಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟು ನೋಡುತ್ತಾರೆ. ಉಪ್ಪು ತೊಳೆದುಹೋಗಿದೆ ಅನ್ನಿಸಿದ ದಿನ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಪೈರು ಎತ್ತರಕ್ಕೆ ಏರಿದ ಮೇಲೆ ಉಪ್ಪು ಮರಳಿದರೂ ಅಷ್ಟು ಅಂಜಿಕೆಯಿಲ್ಲ. ಪ್ರಯೋಗಾಲಯದಲ್ಲಿ ವಾಹಕತೆಯ ಮೀಟರ್ ಹಿಡಿದು ನಾವು ಓದುವ ಅಂಕಿಯನ್ನು ಅವರು ನಾಲಿಗೆಯಲ್ಲಿ ಓದುತ್ತಾರೆ. ಕೇರಳದ ಪೊಕ್ಕಾಲಿ ಭತ್ತವನ್ನೂ ಅಲ್ಲಿನ ರೈತರು ಹೀಗೆಯೇ ಉಳಿಸಿದ್ದರಿಂದಲೇ ಅದರ ಒಂದನೇ ವರ್ಣತಂತುವಿನಲ್ಲಿ ‘ಸಾಲ್ಟಾಲ್’ ಎಂಬ ಉಪ್ಪು ತಾಳುವ ಗುಣದ ಭಾಗ ವಿಜ್ಞಾನಿಗಳಿಗೆ ಸಿಕ್ಕಿತು. ಅದನ್ನು ಬೇರೆ ತಳಿಗಳಿಗೆ ಸೇರಿಸುವ ಕೆಲಸ ಈಗ ನಡೆದಿದೆ.

ಈಗ ಕೆಲವು ಗಜನಿಗಳಲ್ಲಿ ಭತ್ತ ನಿಂತು ಸಿಗಡಿ ಮಾತ್ರ ಉಳಿದಿದೆ. ಕಟ್ಟೆ ಒಡೆದಲ್ಲಿ ಕಾಂಡ್ಲಾ ಗಿಡಗಳು ಬೆಳೆದಿವೆ. ಒಂದು ಗದ್ದೆಯ ಕಟ್ಟೆ ಒಡೆದರೆ ಉಪ್ಪು ನೀರು ಪಕ್ಕದ ಎಲ್ಲ ಗದ್ದೆಗೂ ಬರುವುದರಿಂದ ಒಬ್ಬರೇ ಭತ್ತ ಬೆಳೆಯುತ್ತೇನೆಂದರೂ ಆಗದು. ಗೆಳತಿಯ ಮನೆಯ ಗಜನಿಯಲ್ಲಿ ಕಳೆದ ಮಳೆಗಾಲ ಬಿತ್ತನೆಯಾಗಲಿಲ್ಲ. ಕರಾವಳಿಯ ತೇವಕ್ಕೆ ಭತ್ತದ ಬೀಜ ಹೆಚ್ಚು ಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಈ ವರ್ಷವೂ ತಪ್ಪಿದರೆ ಆ ಮನೆಯ ಬೀಜ ಮುಗಿದಂತೆ.

ಕಗ್ಗಕ್ಕೆ ಉಪ್ಪು ಬೇಕೇ ಬೇಕೆಂದಿಲ್ಲ, ಸಿಹಿ ನೀರಿನಲ್ಲೂ ಬೆಳೆಯುತ್ತದೆ. ಅಜ್ಜ ಕೊಟ್ಟ ಎರಡು ಸೇರು ಬೀಜ ಈಗ ನಮ್ಮ ಅಟ್ಟದಲ್ಲಿದೆ. ಜೂನ್‌ನಲ್ಲಿ ಗದ್ದೆಯ ಕೆಳಗಿನ ಮೂಲೆ ಅದಕ್ಕೆಂದು ಬಿಡಿಸಿಕೊಂಡಿದ್ದೇನೆ. ನೌಕರಿಯ ಅರ್ಜಿಗಳ ನಡುವೆ ಇದೊಂದು ಕೆಲಸ. ಬಂದ ಬೀಜದಲ್ಲಿ ಅರ್ಧ ಡಿಸೆಂಬರಿನೊಳಗೆ ಕುಮಟಾಕ್ಕೆ ವಾಪಸ್ ಹೋಗಬೇಕು ಎಂಬುದು ಅಜ್ಜನ ಕರಾರು. ಅಷ್ಟು ಎತ್ತರದ ಪೈರು ನಮ್ಮ ಗಾಳಿಮಳೆಗೆ ಮಲಗದೇ ನಿಂತೀತೇ ಎಂಬುದು ಅಪ್ಪಯ್ಯನ ಅನುಮಾನ.