ಹಳೆ ರ‍್ಯಾಮ್, ಹೊಸ ರ‍್ಯಾಮ್: ಲೆಕ್ಕ ಮದರ್‌ಬೋರ್ಡಿನದು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ಕೊಂಡು ಕಂಪ್ಯೂಟರ್ ಅಸೆಂಬಲ್ ಮಾಡಿಸುವವರನ್ನು ಕಾಡುವ ಪ್ರಶ್ನೆ ಒಂದಿದೆ: ರ‍್ಯಾಮ್ ಡಿಡಿಆರ್4 ಇರಲೋ, ಡಿಡಿಆರ್5 ಇರಲೋ? ಸೋನಾ ಮಸೂರಿಯೋ ಬಾಸುಮತಿಯೋ ಎಂದು ಅಕ್ಕಿ ಅಂಗಡಿಯಲ್ಲಿ ಕೇಳಿದಷ್ಟು ಸಲೀಸಾಗಿ ಈ ಪ್ರಶ್ನೆ ಕೇಳಿಬರುತ್ತದೆ. ಆದರೆ ರ‍್ಯಾಮನ್ನು ಅದೊಂದನ್ನೇ ಆರಿಸಲು ಬರುವುದಿಲ್ಲ. ಎರಡರಲ್ಲೂ ಇರುವುದು 288 ಪಿನ್ನುಗಳೇ. ಆದರೆ ನಡುವಿನ ಕಚ್ಚು ತುಸು ಪಕ್ಕಕ್ಕೆ ಸರಿದಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂಡಿಯ ಎಎಂ4 ಬೋರ್ಡುಗಳು ಡಿಡಿಆರ್4ಗೆ ಮಾತ್ರ, 2022ರಲ್ಲಿ ಬಂದ ಎಎಂ5 ಬೋರ್ಡುಗಳು ಡಿಡಿಆರ್5ಗೆ ಮಾತ್ರ. ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳು ಎರಡನ್ನೂ ಒಪ್ಪುತ್ತವೆ, ಆದರೆ ಅಲ್ಲಿಯೂ ಯಾವ ಬೋರ್ಡು ಕೊಂಡಿರೋ ಆ ರ‍್ಯಾಮೇ ಗತಿ. 2024ರ ಕೋರ್ ಅಲ್ಟ್ರಾ 200 ಡೆಸ್ಕ್‌ಟಾಪ್ ಸರಣಿಯಲ್ಲಿ ಇಂಟೆಲ್ ಕೂಡ ಡಿಡಿಆರ್4ನ್ನು ಕೈಬಿಟ್ಟಿತು. ಹಾಗಾಗಿ ರ‍್ಯಾಮಿನ ತಲೆಮಾರನ್ನು ನಿರ್ಧರಿಸುವುದೆಂದರೆ ಮದರ್‌ಬೋರ್ಡಿನ ಆಯುಷ್ಯವನ್ನು ನಿರ್ಧರಿಸಿದಂತೆಯೇ. ವೇಗದ ಮಾತು ಆಮೇಲಿನದು.

ಆ ವೇಗವಾದರೂ ಪೊಟ್ಟಣದ ಮೇಲೆ ಕಾಣುವಷ್ಟು ಸರಳವಲ್ಲ. ಡಿಡಿಆರ್4-3200 ಎಂದರೆ ಒಂದೊಂದು ತಂತಿಯಲ್ಲೂ ಸೆಕೆಂಡಿಗೆ 320 ಕೋಟಿ ಸಲ ದತ್ತಾಂಶ ಹರಿಯುತ್ತದೆ. ಡಿಡಿಆರ್5-6000ದಲ್ಲಿ 600 ಕೋಟಿ ಸಲ. ಒಂದು ಚಾನೆಲ್ಲಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 25.6 ಜಿಬಿ ಎಲ್ಲಿ, 48 ಜಿಬಿ ಎಲ್ಲಿ! ಆದರೆ ಕೇಳಿದ ದತ್ತಾಂಶ ಬರಲು ಶುರುವಾಗುವ ತನಕ ಪ್ರೊಸೆಸರು ಕಾಯಬೇಕಲ್ಲ, ಆ ಕಾಯುವಿಕೆಯನ್ನು ಸಿ.ಎಲ್. ಎಂಬ ಇನ್ನೊಂದು ಸಂಖ್ಯೆ ಹೇಳುತ್ತದೆ. ಸಿ.ಎಲ್. ಅನ್ನು 2000ದಿಂದ ಗುಣಿಸಿ ರ‍್ಯಾಮಿನ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡು ಸಿಗುತ್ತದೆ. ಡಿಡಿಆರ್4-3200, ಸಿ.ಎಲ್. 16 ಆದರೆ 10 ನ್ಯಾನೋಸೆಕೆಂಡು. ಡಿಡಿಆರ್5-6000, ಸಿ.ಎಲ್. 30 ಆದರೂ ಅಷ್ಟೇ. ಅಗ್ಗದ ಡಿಡಿಆರ್5-4800, ಸಿ.ಎಲ್. 40 ಆದರೆ 16.7! ಅಂದರೆ ಕಾಯಿಸುವ ವಿಷಯದಲ್ಲಿ ಹೊಸ ತಲೆಮಾರಿನ ಅಗ್ಗದ ಮಾಲು ಹಳೆಯದರ ಒಳ್ಳೆಯ ಮಾಲಿಗಿಂತ ಹಿಂದಿದೆ. ನುಡಿಯಲ್ಲಿ ಟೈಪ್ ಮಾಡುವವರಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ನಂಬಿ ಗೇಮ್ ಆಡುವವರಿಗೆ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಅಲ್ಲಿ ಚಿತ್ರ ಮೂಡಿಸಲು ಬೇಕಾದ ದತ್ತಾಂಶವೆಲ್ಲ ಇದೇ ರ‍್ಯಾಮಿನ ದಾರಿಯಲ್ಲೇ ಓಡಾಡಬೇಕು.

ಹಾಗಿದ್ದರೆ ಡಿಡಿಆರ್4 ಸಾಕಲ್ಲ ಎಂದು ಕೇಳಬಹುದು. ಇವತ್ತಿನ ಕೆಲಸಕ್ಕೆ ಸಾಕು, ಅನುಮಾನವಿಲ್ಲ. ತಕರಾರು ಇರುವುದು ನಾಲ್ಕು ವರ್ಷದ ನಂತರದ ಬಗ್ಗೆ. ಎಎಂ4ನ ಚರಿತ್ರೆಯನ್ನೇ ನೋಡಿ: 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಜೊತೆ ಬೋರ್ಡು ಕೊಂಡವರಲ್ಲಿ ಅನೇಕರು ಬಯಾಸ್ ಅಪ್‌ಡೇಟ್ ಮಾಡಿಕೊಂಡು ಅದೇ ಬೋರ್ಡಿಗೆ, ಅದೇ ರ‍್ಯಾಮಿಗೆ 5000 ಸರಣಿಯ ಪ್ರೊಸೆಸರ್ ಕೂರಿಸಿದರು. ಆ ಲಾಭ ಸಿಕ್ಕಿದ್ದು ಹೊಸ ಸಾಕೆಟ್ಟನ್ನು ಶುರುವಿನಲ್ಲೇ ಹಿಡಿದವರಿಗೆ. ಎಎಂ5ಗೆ 2027ರವರೆಗೂ ಅದರಾಚೆಗೂ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಈಗ ಹೊಸದಾಗಿ ಡಿಡಿಆರ್4 ಬೋರ್ಡು ಕೊಂಡವರಿಗೆ ಅಂಥ ಮುಂದಿನ ಮೆಟ್ಟಿಲಿಲ್ಲ. ಪ್ರೊಸೆಸರ್ ಬದಲಿಸುವ ದಿನ ಬೋರ್ಡು, ರ‍್ಯಾಮ್ ಎರಡನ್ನೂ ಅದರ ಜೊತೆಗೇ ಎಸೆಯಬೇಕು.

ಇದಕ್ಕಿಂತ ತೂಕದ ಆಕ್ಷೇಪ ಬೆಲೆಯದು. 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಬೆಲೆ ದುಪ್ಪಟ್ಟನ್ನೂ ಮೀರಿ ಏರಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ತಯಾರಿಸುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಕಂಪನಿಗಳು ಎಐ ದತ್ತಾಂಶ ಕೇಂದ್ರಗಳ ಕಡೆ ವಾಲಿದ್ದೇ ಕಾರಣ. ಬಿಡಿ ಗ್ರಾಹಕರಿಗೆಂದೇ ಇದ್ದ ಕ್ರೂಷಿಯಲ್ ಬ್ರ್ಯಾಂಡಿನ ವ್ಯವಹಾರ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಘೋಷಿಸಿತು. ಆದರೆ ಹಳೆಯದು ಅಗ್ಗ ಎಂಬ ನಂಬಿಕೆಗೂ ಇದೇ ಪೆಟ್ಟು ಕೊಟ್ಟಿತು: ತಯಾರಿಕೆ ಇಳಿಯುತ್ತಿದ್ದ ಡಿಡಿಆರ್4 ಕೂಡ ತುಟ್ಟಿಯಾಯಿತು. ಹೀಗಾಗಿ ಬೆಲೆಯ ವಾದ ನಿಜಕ್ಕೂ ನಿಲ್ಲುವುದು ಡಿಡಿಆರ್4 ಕಡ್ಡಿಗಳು ಆಗಲೇ ಕೈಯಲ್ಲಿರುವವರ ವಿಷಯದಲ್ಲಿ. ಅವರು ಅವನ್ನು ಮಾರದೆ, ಎಎಂ4 ಬೋರ್ಡಿಗೆ ರೈಜನ್ 5 5600ರಂಥ ಪ್ರೊಸೆಸರ್ ಹಾಕಿಕೊಂಡು ಆರಾಮವಾಗಿ ಕೆಲವು ವರ್ಷ ತಳ್ಳಬಹುದು. ಕೈ ಬಿಗಿ ಇದ್ದವರಿಗೂ ಒಂದು ಮಾತು: 8 ಜಿಬಿ ಡಿಡಿಆರ್5ಗಿಂತ 16 ಜಿಬಿ ಡಿಡಿಆರ್4 ಮೇಲು. ರ‍್ಯಾಮ್ ತುಂಬಿ ಕಂಪ್ಯೂಟರ್ ಎಸ್‌ಎಸ್‌ಡಿಗೆ ಮೊರೆಹೋಗಲು ಶುರುಮಾಡಿದರೆ ಯಾವ ತಲೆಮಾರೂ ಕಾಪಾಡುವುದಿಲ್ಲ.

ಹೊಸದನ್ನು ಕೊಂಡವರು ಎಡವುವ ಜಾಗಗಳೂ ಇವೆ. ಈಗ ಎರಡು ಕಡ್ಡಿ, ಮುಂದೆ ಇನ್ನೆರಡು ಎಂಬ ಹಳೆಯ ಉಪಾಯ ಡಿಡಿಆರ್5ರಲ್ಲಿ ಕೈಕೊಡುತ್ತದೆ. ರೈಜನ್ 7000 ಸರಣಿಯಲ್ಲಿ ನಾಲ್ಕು ಕಡ್ಡಿ ತುಂಬಿದರೆ ಅಧಿಕೃತ ವೇಗ 3600ಕ್ಕೆ ಕುಸಿಯುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗನ್ನು ಆನ್ ಮಾಡದಿದ್ದರೆ 6000ದ ಕಡ್ಡಿ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗೇ ಇದ್ದರೆ ಗಾಬರಿ ಬೇಡ, ಬೋರ್ಡು ಆಗ ರ‍್ಯಾಮಿಗೆ ಹೊಂದುವ ಸಮಯವನ್ನು ಪರೀಕ್ಷಿಸಿ ನೋಡುತ್ತಿರುತ್ತದೆ.

ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಡಿಡಿಆರ್5 ಬೋರ್ಡಿಗೇ ಹೋಗುವುದು ಸರಿ. ಕೊಟೇಷನ್ ಬರೆಸುವಾಗ ಬರೀ 'ಡಿಡಿಆರ್5, 32 ಜಿಬಿ' ಎಂದು ಬರೆಸಿಕೊಂಡು ಬರಬೇಡಿ. 16 ಜಿಬಿಯ ಎರಡು ಕಡ್ಡಿ, ವೇಗ ಇಷ್ಟು, ಸಿ.ಎಲ್. ಇಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.