ಎಷ್ಟು ಪೌಂಡಿನ ಬಿಲ್ಲು?

2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಬಿಲ್ಗಾರಿಕೆ ಫೈನಲ್ ಐದು ಸೆಟ್ ಮುಗಿದರೂ ತೀರ್ಮಾನವಾಗಲಿಲ್ಲ. ದಕ್ಷಿಣ ಕೊರಿಯಾದ ಕಿಮ್ ವೂ-ಜಿನ್, ಅಮೆರಿಕದ ಬ್ರೇಡಿ ಎಲಿಸನ್ ಇಬ್ಬರೂ ಇನ್ನೊಂದೊಂದು ಬಾಣ ಬಿಡಬೇಕಾಯಿತು. ಇಬ್ಬರಿಗೂ ಹತ್ತು ಅಂಕವೇ ಬಂತು. ಕಡೆಗೆ ಅಳೆದು ನೋಡಿದಾಗ ಕಿಮ್ ಬಾಣ ಕೇಂದ್ರಕ್ಕೆ 4.9 ಮಿಲಿಮೀಟರಿನಷ್ಟು ಹೆಚ್ಚು ಹತ್ತಿರವಿತ್ತು. 70 ಮೀಟರ್ ದೂರದಿಂದ ಬಿಟ್ಟ ಬಾಣಗಳು ಇವು.

ಇವರು ಹಿಡಿದಂಥ ರಿಕರ್ವ್ ಬಿಲ್ಲನ್ನು ನೋಡಿದವರ ಮೊದಲ ಪ್ರಶ್ನೆ ‘ಎಷ್ಟು ಪೌಂಡ್?’ ಎಂಬುದು. ಪುರಾಣ ಕೇಳಿ ಬೆಳೆದವರಿಗೆ ಇದು ಸಹಜ. ಶಿವಧನುಸ್ಸು ಎಷ್ಟು ಭಾರ, ಯಾರ್‍ಯಾರು ಎತ್ತಲಾರದೆ ಹೋದರು ಎಂಬುದೇ ಅಲ್ಲಿನ ಸ್ವಾರಸ್ಯ. ಎಳೆಯಲು ಹಿತವಾಗಿತ್ತೇ ಎಂದು ಯಾರೂ ವಿಚಾರಿಸಿದಂತಿಲ್ಲ.

ಇಲ್ಲಿ ಪೌಂಡ್ ಎಂದರೆ ಹೆದೆಯನ್ನು ಪೂರ್ತಿ ಹಿಂದಕ್ಕೆಳೆದು ಹಿಡಿದಾಗ ಬೆರಳಿಗೆ ಬೀಳುವ ಭಾರ. ಹಿಡಿಯ ಮೇಲೂ ಕೆಳಗೂ ಸಿಕ್ಕಿಸುವ ಲಿಂಬ್‌ಗಳ ಮೇಲೆ ಅದನ್ನು 28 ಇಂಚಿನ ಎಳೆತಕ್ಕೆ ಅಳೆದು ಬರೆದಿರುತ್ತಾರೆ. ಉದ್ದ ಕೈಯವರು 30 ಇಂಚು ಎಳೆದರೆ 40 ಪೌಂಡಿನ ಲಿಂಬ್ 44ರ ಆಸುಪಾಸಿಗೆ ಏರುತ್ತದೆ. ಗಿಡ್ಡ ಕೈಯವರಿಗೆ ಅದು 40 ಮುಟ್ಟುವುದೇ ಇಲ್ಲ. ಒಲಿಂಪಿಕ್ ಮಟ್ಟದ ಗಂಡಸರು ಸಾಮಾನ್ಯವಾಗಿ 45ರಿಂದ 50 ಪೌಂಡ್ ಎಳೆಯುತ್ತಾರೆ, ಹೆಂಗಸರು 40ರ ಆಚೀಚೆ. 45 ಪೌಂಡ್ ಎಂದರೆ ಇಪ್ಪತ್ತು ಕಿಲೋಗೂ ಮೇಲೆ. ಶ್ರೇಯಾಂಕ ಸುತ್ತಿನ 72 ಬಾಣಕ್ಕೆ ಕೂಡಿಸಿದರೆ ಸುಮಾರು ಒಂದೂವರೆ ಟನ್, ಅದೂ ಮೂರೇ ಬೆರಳಲ್ಲಿ.

ಇಷ್ಟು ಭಾರ ಹೊರುವುದು ವೇಗಕ್ಕಾಗಿ. ವೇಗದ ಬಾಣ ಗಾಳಿಗೆ ಕಡಿಮೆ ಸಿಗುತ್ತದೆ, ಕಡಿಮೆ ಇಳಿಯುತ್ತದೆ. ಬಾಣ ಸೆಕೆಂಡಿಗೆ 60 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. 70 ಮೀಟರ್ ದಾಟುವಷ್ಟರಲ್ಲಿ ಗುರುತ್ವ ಅದನ್ನು ಸುಮಾರು 6.7 ಮೀಟರ್ ಕೆಳಕ್ಕೆ ಎಳೆದಿರುತ್ತದೆ. ಆ ಇಳಿತಕ್ಕೆ ತಕ್ಕಂತೆ ಗುರಿಯಿಡುವ ಸೈಟ್ ಹೊಂದಿಸಿರುತ್ತಾರೆ, ಚಿಂತೆಯಿಲ್ಲ. ಆದರೆ ಒಂದು ಬಾಣದ ವೇಗ ಶೇ 1ರಷ್ಟು ತಗ್ಗಿತೆನ್ನಿ. ಇಳಿತ ಶೇ 2ರಷ್ಟು ಹೆಚ್ಚಿ, ಬಾಣ 13 ಸೆಂಟಿಮೀಟರ್ ಕೆಳಗೆ ನಾಟುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 12.2 ಸೆಂಟಿಮೀಟರ್. ನಟ್ಟನಡುವಿಗೆ ಹೋಗಬೇಕಿದ್ದ ಬಾಣ ಒಂಬತ್ತನ್ನೂ ದಾಟಿ ಎಂಟಕ್ಕೆ ಬೀಳುತ್ತದೆ.

ವೇಗ ಅಷ್ಟು ತಪ್ಪಲು ದೊಡ್ಡ ಎಡವಟ್ಟೇನೂ ಬೇಕಿಲ್ಲ. ಹೆದೆ ಹಿಂದಕ್ಕೆ ಸರಿಯುವ ದೂರ ಸುಮಾರು 45 ಸೆಂಟಿಮೀಟರ್. ಅದರಲ್ಲಿ ನಾಲ್ಕೈದು ಮಿಲಿಮೀಟರ್ ಕೊರತೆಯಾದರೆ ಸಾಕು. ಅದಕ್ಕೇ ಈ ಬಿಲ್ಲಿನಲ್ಲಿ ಕ್ಲಿಕ್ಕರ್ ಎಂಬ ತೆಳು ಪಟ್ಟಿ ಇರುತ್ತದೆ. ಬಾಣದ ತುದಿ ಅದರಡಿಯಿಂದ ಹಿಂದೆ ಸರಿದ ಕ್ಷಣ ‘ಟಕ್’ ಎನ್ನುತ್ತದೆ, ಬಿಲ್ಲುಗಾರ ಹೆದೆ ಬಿಡುತ್ತಾನೆ. ಪ್ರತಿ ಬಾಣಕ್ಕೂ ಎಳೆತ ಒಂದೇ ಆಗುವುದು ಹೀಗೆ. ಗಲ್ಲಕ್ಕೆ ಹೆದೆ ತಾಗಿಸಿ ಗುರಿಯಿಟ್ಟ ಮೇಲೆ ಉಳಿದ ಒಂದೆರಡು ಮಿಲಿಮೀಟರನ್ನು ಬೆನ್ನಿನ ಸ್ನಾಯುಗಳಿಂದಲೇ, ಅಲುಗಾಡದೆ ಎಳೆಯಬೇಕು. ನನ್ನ ಮಟ್ಟಿಗೆ ಇಡೀ ಆಟದ ಕಷ್ಟವೆಲ್ಲ ಈ ಒಂದೆರಡು ಮಿಲಿಮೀಟರಿನಲ್ಲಿದೆ.

ಬಿಲ್ಲಿನ ನಯ, ಎಂದರೆ ಎಳೆತ ಕೊನೆಯವರೆಗೂ ಸಮವಾಗಿ ಬರುವ ಗುಣ, ಲೆಕ್ಕಕ್ಕೆ ಬರುವುದೂ ಇಲ್ಲೇ. ಇಂಡಿಯನ್ ರೌಂಡ್ ಸ್ಪರ್ಧೆಗಳಲ್ಲಿ ಮಕ್ಕಳು ಹಿಡಿಯುವ ಸಾದಾ ಬಿದಿರಿನ ಬಿಲ್ಲನ್ನು ಎಳೆಯುತ್ತ ಹೋದರೆ ಮೊದಮೊದಲು ಸಲೀಸು, ಕೊನೆಗೆ ಬಾವಿಯ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡ ಹಾಗೆ ಬಿಗಿಯುತ್ತದೆ. ಬಿಲ್ಲುಗಾರರು ಇದನ್ನು ಸ್ಟ್ಯಾಕಿಂಗ್ ಎನ್ನುತ್ತಾರೆ. ಎಳೆಯುತ್ತ ಹೋದಂತೆ ಹೆದೆಗೂ ಬಿಲ್ಲಿನ ತುದಿಗೂ ನಡುವಿನ ಕೋನ ಅಗಲವಾಗುತ್ತದೆ, ಅಷ್ಟರಮಟ್ಟಿಗೆ ಹೆದೆಗೆ ಸನ್ನೆಯ ಲಾಭ ಹೆಚ್ಚುತ್ತದೆ. ಕೋನ 90 ಡಿಗ್ರಿಗೆ ಬಂದಾಗ ಆ ಲಾಭ ಮುಗಿಯಿತು. ಮುಂದಿನ ಪ್ರತಿ ಬಾಗುವಿಕೆಗೂ ಬರೀ ಬಲವನ್ನೇ ಸುರಿಯಬೇಕು.

ರಿಕರ್ವ್‌ನಲ್ಲಿ ತುದಿಗಳು ಮುಂದಕ್ಕೆ ಹೊರಳಿರುತ್ತವೆ. ಎಳೆಯುವ ಮೊದಲು ಹೆದೆ ಆ ಬಾಗಿನ ಮೇಲೆ ಒರಗಿರುತ್ತದೆ, ಹಾಗಾಗಿ ಲಿಂಬ್ ಗಿಡ್ಡವಾದಂತೆ ವರ್ತಿಸಿ ಭಾರ ಆರಂಭದಲ್ಲೇ ಬರುತ್ತದೆ. ಹೆದೆ ಬಾಗನ್ನು ಬಿಟ್ಟು ಮೇಲೇಳುತ್ತ ಹೋದಂತೆ ಸನ್ನೆ ಉದ್ದವಾಗುತ್ತದೆ, ಕೋನ 90 ಮುಟ್ಟುವುದು ತಡವಾಗುತ್ತದೆ. ಎರಡು ಲಾಭ ಒಟ್ಟಿಗೆ: ಅಷ್ಟೇ ಪೌಂಡಿಗೆ ಹೆಚ್ಚು ಶಕ್ತಿ ಶೇಖರವಾಗುತ್ತದೆ, ಕೊನೆಯ ಇಂಚೂ ಹಿಂದಿನ ಇಂಚಿನಂತೆಯೇ ಬರುತ್ತದೆ.

ನಯವಾದ ಬಿಲ್ಲು ಗುರಿಯನ್ನು ತಾನಾಗಿ ಸುಧಾರಿಸುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕೊನೆಯ ನಾಲ್ಕು ಮಿಲಿಮೀಟರ್ ತಪ್ಪಿದರೆ ಕಳೆದುಹೋಗುವ ಶಕ್ತಿ ಎಂದರೆ ಆಗಿನ ಬಲ ಗುಣಿಸು ಆ ದೂರ. ಪೌಂಡ್ ಒಂದೇ ಆಗಿದ್ದರೆ ಎರಡೂ ಬಿಲ್ಲಿಗೆ ಹೆಚ್ಚುಕಡಿಮೆ ಅಷ್ಟೇ. ಬಾಣಕ್ಕೆ ನಯದ ಗೊಡವೆಯಿಲ್ಲ. ಭುಜಕ್ಕಿದೆ. ಬಿಗಿಯುವ ಬಿಲ್ಲಿನಲ್ಲಿ ಕ್ಲಿಕ್ಕರ್ ದಾಟಿಸಲು ಹೆಣಗುವಾಗ ಭುಜ ಮೇಲೇಳುತ್ತದೆ, ಬೆರಳು ಸಡಿಲುತ್ತದೆ, ಬಿಲ್ಲು ಹಿಡಿದ ಕೈ ಕುಸಿಯುತ್ತದೆ.

ಅಳತೆ ಮೀರಿದ ಪೌಂಡಿನ ಬಿಲ್ಲು ಎಷ್ಟೇ ನಯವಾಗಿದ್ದರೂ ಇದೇ ಗತಿ. ಆದ್ದರಿಂದ ಹೊಸಬರಿಗೆ 18ರಿಂದ 24 ಪೌಂಡ್ ಕೊಟ್ಟು ಎರಡೆರಡೇ ಏರಿಸುತ್ತಾರೆ. ಏರಿಸಿದಾಗ ಬಾಣದ ಗಡಸುತನವನ್ನೂ ಮತ್ತೆ ಹೊಂದಿಸಬೇಕು. ಉದ್ದ ಎಳೆತದವರಿಗೆ 68 ಇಂಚಿನ ಬಿಲ್ಲಿನ ಬದಲು 70 ಇಂಚಿನದು ವಾಸಿ. ವೇಗ ತುಸು ತಗ್ಗಬಹುದು, ಕೋನ ಮಾತ್ರ ಹದದಲ್ಲಿರುತ್ತದೆ.

ಲಿಂಬ್ ಕೊಳ್ಳುವವರು ಹೆದೆಗೊಂದು ತೂಕದ ಕೊಕ್ಕೆ ಸಿಕ್ಕಿಸಿ 26, 27, 28, 29 ಇಂಚಿನಲ್ಲಿ ಅಳೆದು ಬರೆದುಕೊಳ್ಳಲಿ. ಒಂದು ಜೊತೆ ಇಂಚಿಗೆ ಎರಡೆರಡೇ ಪೌಂಡ್ ಏರಬಹುದು, ಇನ್ನೊಂದು ಎರಡು, ಎರಡೂವರೆ, ಮೂರೂವರೆ ಎಂದು ಏರಬಹುದು. ಎರಡರ ಮೇಲೂ ಬರೆದಿರುವುದು 40 ಎಂದೇ.