ಹಗುರ ಕಲ್ಲು ಎಲ್ಲಿ ಬೀಳುತ್ತದೆ, ಭಾರ ಕಲ್ಲು ಎಲ್ಲಿ?



ನಮ್ಮ ಕಡೆ ಹಿಂಗಾರಿ ಬಿಳಿಜೋಳ ಹಾಲುಗಾಳಿಗೆ ಬಂತೆಂದರೆ ಹಕ್ಕಿ ಕಾಯುವ ಕೆಲಸ ಶುರುವಾಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕಡೆ ಹೋದರೂ ಇದೇ. ಹೊಲದೊಳಗೆ ಅಟ್ಟ ಕಟ್ಟಿ, ಅದರ ಮ್ಯಾಲೆ ನಿಂತು, ಕವಣಿ ಬೀಸಿ ಗಿಳಿ ಗುಬ್ಬಿಗಳನ್ನು ಎಬ್ಬಿಸಬೇಕು. ಎಳ್ಳ ಅಮಾಸಿ ಸುಮಾರಿಗೆ ಸಾಲಿ ಸೂಟಿ ಇದ್ದ ದಿನ ಈ ಕೆಲಸ ನಮ್ಮಂಥ ಹುಡುಗರದ್ದೇ.

ಹೋದ ವರ್ಷ ನನ್ನ ಕೈಯಿಂದ ಒಂದು ತಪ್ಪಾಯಿತು. ಅದನ್ನು ಮುಚ್ಚಿಡದೆ ಬರೆಯುತ್ತೇನೆ. ಮುಂಜಾನೆಯಿಂದ ಅಡಿಕೆಯಷ್ಟು ಸಣ್ಣ ಕಲ್ಲು ಬೀಸುತ್ತಿದ್ದೆ. ಅವು ಬದುವಿನ ಆಚೆ ಜಾಲಿಗಿಡದ ಹತ್ತಿರ ಹೋಗಿ ಬೀಳುತ್ತಿದ್ದವು. ನಮ್ಮದು ಎರಿ ಹೊಲ, ಹುಡುಕಿದರೂ ಕಲ್ಲು ಸಿಗುವುದಿಲ್ಲ. ಹಳ್ಳದಿಂದ ತಂದ ಸಣ್ಣ ಕಲ್ಲು ತೀರಿದವು. ಆಗ ಲಿಂಬಿಹಣ್ಣಿನಷ್ಟು ದೊಡ್ಡ ಕಲ್ಲೊಂದನ್ನು ಇಟ್ಟು, ಅದೇ ಜಾಲಿಗಿಡಕ್ಕೆ ಗುರಿ ಹಿಡಿದು, ಅಷ್ಟೇ ಜೋರಿನಿಂದ ಬೀಸಿದೆ. ಅದು ಗಿಡದ ತನಕ ಹೋಗಲೇ ಇಲ್ಲ. ಬದುವಿನ ಈಚೆ ಅವ್ವ ಬುತ್ತಿಗಂಟು ಬಿಚ್ಚುತ್ತ ಕುಂತಿದ್ದಳು. ಅವಳ ಬಗಲಲ್ಲಿದ್ದ ನೀರಿನ ಗಡಿಗೆಗೆ ಬಡಿಯಿತು. ಗಡಿಗೆ ಒಡೆದು ನೀರೆಲ್ಲ ಹರಿದು ಹೋಯಿತು. ಒಂದು ಮೊಳ ಆ ಕಡೆ ಈ ಕಡೆ ಆಗಿದ್ದರೆ ಏನಾಗುತ್ತಿತ್ತು ಎಂದು ನೆನೆಸಿದರೆ ಈಗಲೂ ಎದೆ ಝಲ್ ಎನ್ನುತ್ತದೆ. ಅವ್ವ ಬೈಯಲಿಲ್ಲ. ಅಜ್ಜ ಮಾತ್ರ ಕವಣಿ ಕಸಿದುಕೊಂಡ.

"ಕಲ್ಲು ಬದಲಾದರ ಗುರಿನೂ ಬದಲಾಗತೈತಿ. ಅದು ತಿಳಿಯೂ ತನಕ ಇದನ್ನ ಮುಟ್ಟಬ್ಯಾಡ" ಅಂದ.

ಅದನ್ನು ತಿಳಿದುಕೊಳ್ಳಲು ನಾನು ಏನೇನು ಮಾಡಿದೆ ಎಂಬುದೇ ಈ ಲೇಖನ.

ಮೊದಲು ನಾನು ತಿಳಿದದ್ದು ಹೀಗೆ: ಭಾರವಾದದ್ದು ಬೇಗ ಕೆಳಗೆ ಬೀಳುತ್ತದೆ, ಹಾಗಾಗಿ ದೊಡ್ಡ ಕಲ್ಲು ಈಚೆ ಬಿತ್ತು. ಇದು ತಪ್ಪು. ನೀವೇ ಮಾಡಿ ನೋಡಿರಿ. ಕೆಳಗೆ ಯಾರೂ ಇಲ್ಲದಾಗ ಮಾಳಿಗೆ ಮೇಲಿಂದ ಒಂದು ಸಣ್ಣ ಕಲ್ಲು, ಒಂದು ದೊಡ್ಡ ಕಲ್ಲು ಕೂಡಿಯೇ ಬಿಡಿರಿ. ಎರಡೂ ಒಂದೇ ಸಲ ಧಪ್ ಎನ್ನುತ್ತವೆ. 1971ರಲ್ಲಿ ಅಪೊಲೊ 15ರಲ್ಲಿ ಚಂದ್ರನ ಮೇಲೆ ಹೋದ ಡೇವಿಡ್ ಸ್ಕಾಟ್ ಒಂದು ಸುತ್ತಿಗೆ, ಒಂದು ಹಕ್ಕಿ ಪುಕ್ಕ ಕೂಡಿಯೇ ಬಿಟ್ಟರು. ಅಲ್ಲಿ ಗಾಳಿ ಇಲ್ಲ, ಎರಡೂ ಒಂದೇ ಸಲ ನೆಲ ಮುಟ್ಟಿದವು.

ಹಾಗಾದರೆ ವ್ಯತ್ಯಾಸ ಎಲ್ಲಿ? ವೇಗದಲ್ಲಿ. ನನ್ನ ತೋಳಿನ ಬಲ ಒಂದೇ. ಅದೇ ಬಲದಿಂದ ಹಗುರ ಕಲ್ಲು ಜೋರಾಗಿ ಹೊರಡುತ್ತದೆ, ಭಾರದ್ದು ನಿಧಾನವಾಗಿ ಹೊರಡುತ್ತದೆ. ಒಂದು ಲೆಕ್ಕ ನೋಡಿರಿ. ಗಿಡ 20 ಮೀಟರ್ ದೂರ ಇದೆ. ಕಲ್ಲನ್ನು ನೇರ ಅಡ್ಡಕ್ಕೆ ಬೀಸಿದೆವು ಎನ್ನೋಣ. ಹಗುರ ಕಲ್ಲು ಸೆಕೆಂಡಿಗೆ 20 ಮೀಟರ್ ಹೋದರೆ 1 ಸೆಕೆಂಡಿನಲ್ಲಿ ಗಿಡ ಮುಟ್ಟುತ್ತದೆ. ಅಷ್ಟರಲ್ಲಿ ಅದು ಸುಮಾರು 5 ಮೀಟರ್ ಕೆಳಗೆ ಇಳಿದಿರುತ್ತದೆ. ಭಾರ ಕಲ್ಲು ಸೆಕೆಂಡಿಗೆ 14 ಮೀಟರ್ ಹೋದರೆ ಅದಕ್ಕೆ 1.4 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಸುಮಾರು 10 ಮೀಟರ್ ಇಳಿಯುತ್ತದೆ. ಅಂದರೆ ಗಿಡ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತದೆ. ಎರಡೂ ಬೀಳುವ ರೀತಿ ಒಂದೇ, ಆದರೆ ಭಾರದ್ದಕ್ಕೆ ಬೀಳಲು ಹೆಚ್ಚು ಹೊತ್ತು ಸಿಗುತ್ತದೆ.

ರಾಶಿ ಆದ ಮೇಲೆ, ಅಜ್ಜ ಎದುರಿಗೆ ನಿಂತಾಗ, ಖಾಲಿ ಹೊಲದಲ್ಲಿ ಹತ್ತು ಸಣ್ಣ ಕಲ್ಲು, ಹತ್ತು ದೊಡ್ಡ ಕಲ್ಲು ಬೀಸಿ ಹೆಜ್ಜೆಯಿಂದ ಅಳೆದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಸಣ್ಣವು ಸುಮಾರು 20 ಗ್ರಾಮ್, ದೊಡ್ಡವು ಸುಮಾರು 120 ಗ್ರಾಮ್ ತೂಗಿದ್ದವು. ಸಣ್ಣವು ಹೆಚ್ಚು ಕಡಿಮೆ 60 ಹೆಜ್ಜೆಗೆ ಬಿದ್ದವು, ದೊಡ್ಡವು 44 ಹೆಜ್ಜೆಗೆ. ಆದರೆ ಎರಡು ದೊಡ್ಡ ಕಲ್ಲು ಮಾತ್ರ ಮುಂದೆ ಹೋಗದೆ ನೆಟ್ಟಗೆ ಮ್ಯಾಲಕ್ಕೆ ಹಾರಿದವು. ಅದು ಯಾಕೆ ಎಂದು ನನಗೂ ತಿಳಿಯಲಿಲ್ಲ, ಅಜ್ಜನಿಗೂ ಹೇಳಲು ಬರಲಿಲ್ಲ.

ಇದಕ್ಕೆ ಉತ್ತರ ಸಿಕ್ಕದ್ದು ವಿಜಯಪುರದಲ್ಲಿ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೋದಾಗ ನಮ್ಮ ಮಾಮಾ ಮಲಿಕ್-ಎ-ಮೈದಾನ್ ತೋಪು ತೋರಿಸಿದರು. ಮಾಮಾ ಮುದ್ದೇಬಿಹಾಳ ಕಡೆಯವರು, ಮಿಲಿಟ್ರಿಯಲ್ಲಿ ಇದ್ದು ಬಂದವರು. ಆ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರಂತೆ. ಉದ್ದ 4 ಮೀಟರಿಗೂ ಹೆಚ್ಚು, ತೂಕ ಸುಮಾರು 55 ಟನ್, ಒಳಬಾಯಿ ಸುಮಾರು 70 ಸೆಂಟಿಮೀಟರ್ ಅಗಲ. ಆ ಬಾಯಿಯಲ್ಲಿ ಹಿಡಿಯುವ 66 ಸೆಂಟಿಮೀಟರಿನ ಗುಂಡು ಕಲ್ಲಿನದಾದರೆ ಸುಮಾರು 4 ಕ್ವಿಂಟಲ್ ಆಗುತ್ತದೆ, ಕಬ್ಬಿಣದ್ದಾದರೆ ಸುಮಾರು 12 ಕ್ವಿಂಟಲ್. ಒಂದರಲ್ಲಿ ನಾಲ್ಕು ಚೀಲ ಜೋಳದ ಭಾರ, ಇನ್ನೊಂದರಲ್ಲಿ ಹನ್ನೆರಡು ಚೀಲದ್ದು! ಎರಡನ್ನೂ ಒಂದೇ ಗುರಿಯಿಂದ ಹಾರಿಸಿದರೆ ಒಂದೇ ಕಡೆ ಬೀಳುವವೇ?

"ತೋಪು ಬಿಡು ಅಳಿಯಾ, ಅಂಗೈಯಗಲದ ರಿವಾಲ್ವರಿನ ಕತಿನೂ ಇದ. ಆದರ ಅದರಾಗ ಭಾರ ಗುಂಡು ಕೆಳಗ ಅಲ್ಲ, ಮ್ಯಾಲ ಬಡೀತೈತಿ" ಎಂದರು ಮಾಮಾ.

"ಅದ್ಹೆಂಗ್ರಿ ಮಾಮಾ? ಉಲ್ಟಾ ಆತಲ್ರಿ!" ಎಂದೆ.

ಮಾಮಾ ಕೂತು ಬಿಡಿಸಿ ಹೇಳಿದರು. ಒಂದೇ ರಿವಾಲ್ವರಿಗೆ 7 ಗ್ರಾಮಿನ ಗುಂಡೂ ಉಂಟು, 10 ಗ್ರಾಮಿನದೂ ಉಂಟು. ಹಗುರದ್ದು ಸೆಕೆಂಡಿಗೆ 300 ಮೀಟರ್, ಭಾರದ್ದು 250 ಮೀಟರ್ ಹೋಗುತ್ತದೆ ಎನ್ನೋಣ. 25 ಮೀಟರ್ ದೂರಕ್ಕೆ ಹಗುರದ್ದು ಸುಮಾರು ಮೂರೂವರೆ ಸೆಂಟಿಮೀಟರ್ ಇಳಿಯುತ್ತದೆ, ಭಾರದ್ದು 5 ಸೆಂಟಿಮೀಟರ್. ವ್ಯತ್ಯಾಸ ಬರೀ ಒಂದೂವರೆ ಸೆಂಟಿಮೀಟರ್. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಬೋರ್ ಚಾಲೂ ಮಾಡಿದಾಗ ನೀರು ಮುಂದಕ್ಕೆ ಚಿಮ್ಮಿ ಪೈಪು ಹಿಂದಕ್ಕೆ ಒದೆಯುತ್ತದಲ್ಲ, ಹಾಗೆಯೇ ಗುಂಡು ಮುಂದಕ್ಕೆ ಹೋಗುವಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ನಳಿಗೆ ಮ್ಯಾಲಿದೆ, ಹಿಡಿದ ಕೈ ಕೆಳಗಿದೆ. ಅದಕ್ಕೆ ಒದ್ದಾಗ ನಳಿಗೆಯ ತುದಿ ಮ್ಯಾಲಕ್ಕೆ ಏಳುತ್ತದೆ. ಗುಂಡು ನಳಿಗೆಯ ಒಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಆದರೂ ಭಾರ ಗುಂಡು ನಿಧಾನ, ಇನ್ನಷ್ಟು ಹೊತ್ತು ಒಳಗೇ ಇರುತ್ತದೆ, ಒದೆಯುವುದೂ ಹೆಚ್ಚು. ಅದು ಹೊರಗೆ ಬರುವಷ್ಟರಲ್ಲಿ ತುದಿ ಹೆಚ್ಚು ಎದ್ದಿರುತ್ತದೆ. ಅದಕ್ಕೇ ಹತ್ತಿರದ ಗುರಿಗೆ ಅದು ಮ್ಯಾಲೆ ಬಡಿಯುತ್ತದೆ.

ಆಗ ನನಗೆ ಆ ಎರಡು ಕಲ್ಲಿನ ನೆನಪು ಬಂತು. ದೊಡ್ಡ ಕಲ್ಲಿಟ್ಟಾಗ ಕವಣಿ ನಿಧಾನ ತಿರುಗುತ್ತದೆ. ನನ್ನ ಕೈ ಮಾತ್ರ ಹಳೇ ರೂಢಿಯಂತೆ ಹಗ್ಗ ಬಿಡುತ್ತದೆ. ಹೀಗೆ ಬಿಡುವ ಗಳಿಗೆ ತಪ್ಪಿ ಕಲ್ಲು ಬೇರೆ ದಿಕ್ಕಿಗೆ ಹಾರುತ್ತದೆ. ಕವಣಿಯಾಗಲಿ ರಿವಾಲ್ವರಾಗಲಿ, ಹೊರಗೆ ಹೋದ ಮೇಲೆ ಏನಾಗುತ್ತದೆ ಎಂಬುದಷ್ಟೇ ಅಲ್ಲ, ಹೊರಬೀಳುವ ಗಳಿಗೆಯಲ್ಲಿ ಮುಖ ಎತ್ತ ಇತ್ತು ಎಂಬುದೂ ಮುಖ್ಯ.

ಹಗುರ, ಭಾರ ಎರಡೂ ಒಂದೇ ಕಡೆ ಬಡಿಯಬೇಕಾದರೆ ಮಾಮಾ ಮೂರು ದಾರಿ ಹೇಳಿದರು. ಒಂದು, ಗುಂಡು ಬದಲಾದಾಗ ಗುರಿಯನ್ನೇ ಸ್ವಲ್ಪ ಕೆಳಗೆ ಅಥವಾ ಮ್ಯಾಲೆ ಹಿಡಿಯುವುದು. ಎರಡು, ಹಿಂದಿನ ಗುರಿಪಟ್ಟಿಯನ್ನು ಏರಿಸುವುದು, ಇಳಿಸುವುದು. ಪಟ್ಟಿ ಇಳಿಸಿದರೆ ಗುಂಡೂ ಕೆಳಗೆ ಬಡಿಯುತ್ತದೆ. ಮೂರು, ಮದ್ದಿನ ಅಳತೆ ಹೊಂದಿಸುವುದು. "ಮೂರನೇದ್ದು ತಿಳಿದವರ ಕೆಲಸ. ಮದ್ದಿನ ಜೋಡಿ ಆಟ ಆಡಿದವರ ಬೆರಳು ಉಳಿಯೂದಿಲ್ಲ. ಎಲ್ಲಕ್ಕೂ ಸರಳ ಅಂದ್ರ ಯಾವಾಗಲೂ ಒಂದೇ ತೂಕದ ಗುಂಡು ಇಟ್ಟುಕೊಳ್ಳೂದು" ಎಂದರು.

ಈ ಕೊನೆಯ ಮಾತು ನನಗೆ ಹಿಡಿಸಿತು. ಈ ವರ್ಷ ನಾನು ಮತ್ತು ತಂಗಿ ಎರಿಮಣ್ಣಿಗೆ ಹೊಟ್ಟು ಕಲಸಿ, ಖಾಲಿ ಬೆಂಕಿಪೆಟ್ಟಿಗೆಯಿಂದ ಅಳೆದು, ಪೆಟ್ಟಿಗೆಗೆ ಒಂದರಂತೆ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿದೆವು. ಹೊಟ್ಟು ಹಾಕದಿದ್ದರೆ ಎರಿಮಣ್ಣು ಸೀಳುತ್ತದೆ. ಎಲ್ಲ ಉಂಡೆಯ ತೂಕವೂ ಹೆಚ್ಚು ಕಡಿಮೆ ಒಂದೇ ಆಯಿತು. ಬಿದ್ದರೆ ಪುಡಿಯಾಗಿ ಮಣ್ಣಲ್ಲಿ ಮಣ್ಣಾಗುತ್ತವೆ, ಕಲ್ಲಿನಂತೆ ಹೊಲದಲ್ಲಿ ಉಳಿದು ಕುಂಟೆಗೆ ಸಿಗುವುದಿಲ್ಲ. ಆದರೆ ಉಂಡೆಯೂ ಪೆಟ್ಟು ಮಾಡುತ್ತದೆ, ಮರೆಯಬೇಡಿರಿ.

ಅಜ್ಜ ಕವಣಿ ತಿರುಗಿ ಕೊಟ್ಟ. ಕೊಡುವ ಮೊದಲು ಒಂದು ಕರಾರು ಹಾಕಿದ: ಬೀಸುವ ದಿಕ್ಕಿನಲ್ಲಿ ಯಾರೂ ಕೂಡಬಾರದು, ಉಂಡೆ ಎಷ್ಟೇ ಸರಿಯಾಗಿದ್ದರೂ. ಈಗ ಅವ್ವ ಬುತ್ತಿ ತಂದರೆ ಅಟ್ಟದ ಹಿಂದೆ ಕೂಡುತ್ತಾಳೆ. ನಾನೂ ಮೊದಲು ತಿರುಗಿ ಅವಳನ್ನು ನೋಡಿ, ಆಮೇಲೆ ಕವಣಿ ಎತ್ತುತ್ತೇನೆ.

ಏಳನೆಯ ಇಯತ್ತೆ ವಿದ್ಯಾರ್ಥಿ